ಇಪ್ಪತ್ತೈದು ಪದ

೧೯೪೫, ಏಪ್ರಿಲ್ ೮, ಭಾನುವಾರ

ಇವತ್ತು ಕಾರ್ಡಿನ ಭಾನುವಾರ. ಎಂದಿನಂತೆ ಜಗಳವೂ ಆಯಿತು.

ಜಪಾನಿನವರ ಸೆರೆಯಲ್ಲಿರುವವರಿಗೆ ತಿಂಗಳಿಗೊಂದು ಕಾರ್ಡು, ಕಾರ್ಡಿಗೆ ಇಪ್ಪತ್ತೈದೇ ಪದ, ಅದೂ ಅಚ್ಚು ಹೊಡೆದ ಹಾಗೆ ಬಿಡಿ ಬಿಡಿ ಅಕ್ಷರದಲ್ಲಿ. ಈ ಕಾನೂನು ಮಾಡಿದವನಿಗೆ ತಾಯಿಯೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ ಅಂತ ಕಾಣುತ್ತೆ. ಇದ್ದಿದ್ದರೆ ಇಪ್ಪತ್ತಾರು ಅಂತ ಮಾಡುತ್ತಿದ್ದ, ಇಬ್ಬರಿಗೂ ಸಮ ಬರುತ್ತಿತ್ತು. ಈಗ ನನಗೆ ಹದಿಮೂರು, ಸೊಸೆಗೆ ಹನ್ನೆರಡು. ತಿಂಗಳು ಬಿಟ್ಟು ತಿಂಗಳು ಅದಲು ಬದಲು ಮಾಡೋಣ ಅಂತ ಅವಳ ತಕರಾರು. ಹೆತ್ತವಳು ನಾನು, ಬರಹ ಚೆನ್ನಾಗಿರುವುದೂ ನನ್ನದು. ಆ ಹೆಚ್ಚಿನ ಒಂದು ಪದದಲ್ಲಿ ಕೊನೆಗೆ ‘ಅಮ್ಮ’ ಅಂತ ಸಹಿ ಹಾಕುತ್ತೇನೆ. ಅದನ್ನೂ ಬಿಟ್ಟುಕೊಡು ಅಂದರೆ ಹೇಗೆ?

ಅವಳು ತನ್ನ ಹನ್ನೆರಡನ್ನು ಚೀಟಿಯಲ್ಲಿ ಗೀಚಿ ಮೇಜಿನ ಮೇಲಿಟ್ಟು ಹಸು ಕರೆಯಲು ಹೋಗಿಬಿಡುತ್ತಾಳೆ. ನಾನು ನನ್ನದನ್ನು ಬರೆಯುವ ಹೊತ್ತಿಗೆ ಮನೆಯೊಳಗೇ ಇರುವುದಿಲ್ಲ. ಇವತ್ತಿನ ಚೀಟಿ: “ಹಸು ಕರು ಹಾಕಿತು. ಹೆಣ್ಣು. ನಿಂಬೆಗಿಡ ಕಾಯಿ ಬಿಟ್ಟಿದೆ. ನಾನು ಚೆನ್ನಾಗಿದ್ದೇನೆ. ನಿನಗಾಗಿ ಕಾಯ್ತಾ ಇದ್ದೇನೆ.” ಮೂರು ವರ್ಷದಿಂದ ಹಸು, ನಿಂಬೆಗಿಡ, ಕಾಯ್ತಾ ಇದ್ದೇನೆ. ಬೇರೆ ಏನೂ ಇಲ್ಲವೇನೇ ನಿನ್ನ ತಲೆಯಲ್ಲಿ ಅಂದೆ.

“ಹಸುನಾದ್ರೂ ನಿಜವಾಗ್ಲೂ ಇದೆ ಅತ್ತೆ,” ಅಂದಳು.

ಅದು ನನಗೆ ಬಿಟ್ಟ ಬಾಣ. ಬಿಡಲಿ. ನಾನು ಬರೆದಿದ್ದು: “ಐವಿ ಕೋಳಿ ಅಟ್ಟುತ್ತಾಳೆ. ನೂರು ಮಾತಾಡುತ್ತಾಳೆ. ಗದ್ದ ಥೇಟ್ ನಿನ್ನದೇ. ಹಾಲು ಮಾತ್ರ ಬೇಡ ಅನ್ನುತ್ತಾಳೆ. ಅಮ್ಮ.”

ಸುಳ್ಳು. ನನಗೇನು ಗೊತ್ತಿಲ್ಲವೇ? ಐವಿ ಹೋಗಿದ್ದು ನಲವತ್ತೆರಡರ ಸೆಪ್ಟೆಂಬರಿನಲ್ಲಿ, ಗಂಟಲಮಾರಿ ಬಂದು, ಎಂಟು ತಿಂಗಳ ಕೂಸು. ಆದರೆ ಮಗ ಕ್ಲೆಮ್ ಉತ್ತರದ ರಬೌಲ್ ಬಂದರಿನಲ್ಲಿ ಜಪಾನಿನವರಿಗೆ ಸಿಕ್ಕಿಬಿದ್ದ ಮೇಲೆ ಬಂದಿದ್ದು ಒಂದೇ ಒಂದು ಕಾಗದ, ಜಪಾನಿನವರೇ ವಿಮಾನದಿಂದ ಮೂಟೆ ಕಟ್ಟಿ ಎಸೆದ ಕಾಗದಗಳಲ್ಲಿ ಒಂದು. ಅದರಲ್ಲಿ ನನ್ನ ಮಗ ಕೇಳಿದ್ದು ಅನ್ನ ಬಟ್ಟೆ ಅಲ್ಲ. “ಐವಿ ಯಾರ ಹಾಗಿದ್ದಾಳೆ? ತಪ್ಪದೆ ಬರೆಯಿರಿ.” ಹುಟ್ಟಿದ ತಂತಿ ಮುಟ್ಟಿತ್ತು ಅವನಿಗೆ, ಮುಖ ನೋಡಿರಲಿಲ್ಲ. ಸೆರೆಯಲ್ಲಿ ಹಸಿದು ಕೂತವನಿಗೆ ‘ನಿನ್ನ ಮಗು ಮಣ್ಣಿಗೆ ಹೋಯಿತು’ ಅಂತ ಇಪ್ಪತ್ತೈದು ಪದದಲ್ಲಿ ಹೇಳಲೇ? ಮೊದಲು ಬದುಕಿ ಬರಲಿ. ಆಮೇಲೆ ನೋಡಿಕೊಂಡರಾಯಿತು.

“ಮಾತು ಬರೋ ಮೊದಲೇ ಹೋದವಳ ಬಾಯಲ್ಲಿ ನೂರು ಮಾತು ಆಡಿಸ್ತೀರಲ್ಲ,” ಅಂದಳು ಹಾಲಿನ ಬಕೆಟ್ಟು ಇಡುತ್ತಾ. “ಒಂದು ಮಾತು ಬರ್ತಿತ್ತು ಅವಳಿಗೆ. ಅದು ಸಾಕಾಗಿತ್ತು ನನಗೆ.”

“ಅದು ಮಾತಲ್ಲ. ಜೊಲ್ಲು,” ಅಂದೆ.

ಊಟ ಮಾಡದೆ ಮಲಗಿದ್ದಾಳೆ. ಕುರಿಮಾಂಸದ ಸಾರು ದಂಡ.


ಮೇ ೯, ಬುಧವಾರ

ಜರ್ಮನಿ ಸೋತಿತು. ನಮ್ಮ ಟಾರಬೆಲ್‌ನಲ್ಲಿ ಊರಿಗೆ ಊರೇ ಬೀದಿಗೆ ಬಂದಿತ್ತು. ಬೆಣ್ಣೆ ಕಾರ್ಖಾನೆಗೆ ರಜೆ, ಇಗರ್ಜಿ ಗಂಟೆ ನಿಲ್ಲಲೇ ಇಲ್ಲ. ಜಪಾನಿನ ಜೊತೆ ನಮ್ಮ ಯುದ್ಧ ಉತ್ತರದಲ್ಲಿ ಹಾಗೇ ಇದೆ. ಅವರ ಮನೆ ಮದುವೆಗೆ ನಾವು ಯಾಕೆ ಕುಣಿಯಬೇಕು?

ಹೋಗದಿದ್ದರೆ ಜನ ಆಡಿಕೊಳ್ಳುತ್ತಾರೆ ಅಂತ ಹೋದೆ. ಅಂಚೆ ಕಚೇರಿಯ ಮಿಸ್ ಗಾರಿ ಟೋಪಿಗೆ ಕಾಗದದ ಹೂವು ಸಿಕ್ಕಿಸಿಕೊಂಡು ಬೀದಿ ಮಧ್ಯೆ ಹಾಡುತ್ತಿದ್ದಳು. ಕಚೇರಿಯೊಳಗೆ ನೊಣ ಹಾರಿದರೂ ಗದರುವ ಹೆಂಗಸು! ಮಕ್ಕಳಿಗೆ ಮಿಠಾಯಿ ಹಂಚುತ್ತಿದ್ದರು. ನನ್ನ ಕೈಗೂ ಒಂದು ಬಂತು. ಇನ್ನೊಂದು ಕೊಡಮ್ಮ ಅಂತ ಕೇಳಿ ಇಸಿದುಕೊಂಡೆ. ಮನೆಗೆ ಬಂದು ನೋಡಿದರೆ ಎರಡೂ ಕೋಟಿನ ಜೇಬಿನಲ್ಲೇ ಇವೆ. ಎರಡನೆಯದು ಯಾರಿಗೆ ಅಂತ ತಂದೆನೋ, ನನಗೆ ಮಿಠಾಯಿ ಸೇರುವುದೇ ಇಲ್ಲ.


ಜೂನ್ ೩, ಭಾನುವಾರ

ಕಾರ್ಡು. “ಐವಿ ಎತ್ತರ ಮೂರು ಅಡಿ ಎರಡಂಗುಲ” ಅಂತ ಬರೆದೆ. ಅಂದಾಜಿನ ಮಾತಲ್ಲ. ಪಕ್ಕದ ಮನೆಯ ಮಿಸೆಸ್ ಟ್ರಿಗೇರ್‌ಳ ಮಗಳು ಬೆರಿಲ್ ಐವಿಗಿಂತ ಒಂಬತ್ತು ದಿನಕ್ಕೆ ದೊಡ್ಡವಳು. ಅವಳನ್ನು ಕರೆದು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಕೊಂಡೆ. ಅದಕ್ಕೆ ಒಂದು ಅಂಗುಲ ಸೇರಿಸಿದೆ. ಕ್ಲೆಮ್ ಎತ್ತರ ಅಲ್ಲವೇ, ಅವನ ಮಗಳು ಎತ್ತರ ಇರಲೇಬೇಕು.

ಸುಳ್ಳು ಹೇಳಿದರೂ ಹದವಾಗಿ ಹೇಳಬೇಕು. ಬಂದು ಅಳತೆ ಕೇಳಿದರೆ?

ಇದನ್ನು ಬರೆದ ಮೇಲೆ ಕೂತು ಯೋಚಿಸುತ್ತಿದ್ದೇನೆ. ಬಂದು ಯಾರನ್ನು ಅಳೆಯುತ್ತಾನೆ?


ಜುಲೈ ೧, ಭಾನುವಾರ

ನಮ್ಮ ಕಡೆ ಜುಲೈ ಅಂದರೆ ಕೊರೆಯುವ ಚಳಿಗಾಲ. ನೀರಿನ ತೊಟ್ಟಿಯ ಮೇಲೆ ಮಂಜು ಕಟ್ಟಿತ್ತು. ಕಾರ್ಡು ಸಲೀಸಾಗಿ ಬಂತು, ಮನಸ್ಸೂ ಹಗುರಾಗಿದೆ. ಐವಿಗೆ ನೆಗಡಿ, ಮೂಗು ಒರೆಸಲು ಬಿಡುವುದಿಲ್ಲ ಅಂತ ಬರೆದೆ. ಕ್ಲೆಮ್‌ಗೆ ಓದಿ ನಗು ಬರಬೇಕು. ಸೊಸೆಯ ಚೀಟಿಯಲ್ಲಿ ಇವತ್ತು ಹಸುವೂ ಇಲ್ಲ. ಬರೀ “ಕಾಯ್ತಾ ಇದ್ದೇನೆ” ಅಂತ ಆರು ಸಲ. ಬರೆದುಕೊಟ್ಟಿದ್ದನ್ನು ಹಾಗೇ ಇಳಿಸಿದೆ. ಅವಳ ಪಾಲು, ಅವಳಿಷ್ಟ.


ಜುಲೈ ೧೯, ಗುರುವಾರ

ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಮೂರು ದಿನವಾಯಿತು.

ತಪ್ಪು ನನ್ನದೇ ಇರಬಹುದು. ಬಟ್ಟೆಯ ರೇಷನ್ ಕೂಪನ್ನು ಕೂಡಿಸಿಟ್ಟು ಹಳದಿ ಉಣ್ಣೆ ತಂದಿದ್ದೆ. ಪುಟ್ಟ ಸ್ವೆಟರು. ಕಾರ್ಡಿನಲ್ಲಿ “ಐವಿಗೆ ಹಳದಿ ಸ್ವೆಟರು ಹೆಣೆದೆ” ಅಂತ ಬರೆಯಲಿಕ್ಕೆ. ಬರೆಯುವ ಮಾತಿಗೆ ಹೆಣೆಯಲೇಬೇಕಿತ್ತೇ? ಹೆಣೆಯುತ್ತಾ ಹೋದೆ. ಗುಂಡಿಯನ್ನೂ ಹಚ್ಚಿದೆ, ನಾಲ್ಕು.

ಸೋಮವಾರ ಅವಳು ದಾರ ಹುಡುಕುತ್ತಾ ನನ್ನ ಪೆಟ್ಟಿಗೆ ತೆಗೆದಳು. ಸ್ವೆಟರನ್ನು ಎತ್ತಿ ಹಿಡಿದಳು. ತೋಳು ಎಷ್ಟು ಉದ್ದ, ಕುತ್ತಿಗೆ ಎಷ್ಟು ಅಗಲ ಅಂತ ನೋಡಿದಳು. ಆಮೇಲೆ ಬಾಗಿಲ ಚೌಕಟ್ಟಿನ ಗೆರೆ ನೋಡಿದಳು.

“ಮೂರೂವರೆ ವರ್ಷದವಳಿಗೆ,” ಅಂದಳು. “ಮಣ್ಣು ಮಾಡೋ ದಿನ ಒಂದು ಕಂಬಳಿ ಕೇಳಿದ್ದೆ ನಿಮ್ಮನ್ನ. ಒಳ್ಳೇ ಕಂಬಳಿ ಕ್ಲೆಮ್‌ಗೆ ಇರಲಿ ಅಂದ್ರಿ. ನೆನಪಿದೆಯಾ?”

ನೆನಪಿದೆ. ಆದರೆ ಬಾಯಿಗೆ ಬಂದಿದ್ದು ಬೇರೆ. “ಗಂಡ ಬರ್ತಾನೆ ಅನ್ನೋ ನಂಬಿಕೆ ನಿನಗಿಲ್ಲ. ಇದ್ದಿದ್ರೆ ಹೀಗೆ ಸೊಟ್ಟ ಮುಖ ಹಾಕ್ಕೊಂಡು ಓಡಾಡ್ತಿರಲಿಲ್ಲ,” ಅಂದೆ.

“ಬರ್ತಾನೆ ಅಂತಾನೇ ಹೆದರಿಕೆ ನನಗೆ! ಬಂದು ಗೇಟು ತೆಗೆದು ಮೊದಲು ಎಲ್ಲಿ ನೋಡ್ತಾನೆ ಹೇಳಿ? ನನ್ನ ಮುಖಾನಾ, ನಿಮ್ಮ ಮುಖಾನಾ? ಮೂರಡಿ ಕೆಳಗೆ ನೋಡ್ತಾನೆ ಅತ್ತೆ. ಆವತ್ತು ನೀವೇ ಹೇಳಬೇಕು ಅವನಿಗೆ. ನಾನು ಹೇಳಲ್ಲ.” ಸ್ವೆಟರನ್ನು ನನ್ನ ಮಡಿಲಿಗೆ ಹಾಕಿದಳು. “ಗದ್ದ ಅವನದು, ಎತ್ತರ ಅವನದು, ನಗು ಅವನದು ಅಂತ ಬರೀತೀರಲ್ಲ ಪ್ರತಿ ಸಲ. ಅವಳ ಮುಖದಲ್ಲಿ ನಾನು ಎಲ್ಲೂ ಇರಲಿಲ್ವಾ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡುವಷ್ಟನ್ನು ಆಡಿಯಾಗಿತ್ತು.


ಆಗಸ್ಟ್ ೧೫, ಬುಧವಾರ

ಮುಗಿಯಿತು! ಬೆಳಿಗ್ಗೆ ಕಾರ್ಖಾನೆಯ ಸೈರನ್ನು ಕೂಗಿತು, ಕೂಗಿತು, ನಿಲ್ಲಿಸುವುದನ್ನೇ ಮರೆತರು. ಜಪಾನು ಶರಣಾಯಿತು. ಮಿಸೆಸ್ ಟ್ರಿಗೇರ್ ಬೇಲಿ ಹಾರಿ ಬಂದು ನನ್ನನ್ನು ತಬ್ಬಿಕೊಂಡಳು, ನಾವಿಬ್ಬರೂ ಹೇಂಟೆ ಕೋಳಿಗಳಂತೆ ಅಂಗಳದಲ್ಲಿ ಸುತ್ತಿದೆವು. ಕ್ಲೆಮ್ ಬರುತ್ತಾನೆ. ನನ್ನ ಮಗ ಬರುತ್ತಾನೆ. ಇವತ್ತು ಹತ್ತು ಸಲ ಜೋರಾಗಿ ಹೇಳಿದೆ.

ಸೊಸೆ ಉನಾ ಬೆಣ್ಣೆ ಕಾರ್ಖಾನೆಯ ಕೆಲಸ ಬಿಟ್ಟು ಸೈಕಲ್ಲು ತುಳಿದು ಓಡಿ ಬಂದಳು. ಕೈಯೆಲ್ಲ ಬೆಣ್ಣೆ. ಅವಳ ಕೆನ್ನೆ ಒರೆಸಿದೆ, ಅವಳು ನನ್ನ ಕೆನ್ನೆ ಒರೆಸಿದಳು, ಇಬ್ಬರ ಮುಖವೂ ಜಿಡ್ಡಾಯಿತು. ನಕ್ಕೆವು. ಎಷ್ಟು ದಿನವಾಗಿತ್ತೋ.

ಆಮೇಲೆ ಒಲೆಯ ಮುಂದೆ ಕೂತಾಗ ಅವಳು ಮೆಲ್ಲಗೆ ಅಂದಳು: “ಅತ್ತೆ, ಹಡಗು ಹತ್ತೋ ಮೊದಲೇ ಅವನಿಗೆ ಗೊತ್ತಾಗಬೇಕು. ಬರೋ ದಾರಿಯಲ್ಲಿ ಅತ್ತುಬಿಡಲಿ. ಇಲ್ಲಿ ಬಂದು ನಮ್ಮ ಮುಂದೆ ಬೇಡ.”

ನೋಡೋಣ ಅಂದೆ. ಅವನು ಬರುವುದನ್ನೇ ಮೂರು ವರ್ಷ ಬೇಡಿಕೊಂಡವಳು, ಬರುತ್ತಾನೆ ಅಂದ ದಿನವೇ ಹೆದರಿಕೊಂಡು ಕೂತಿದ್ದೇನೆ.


ಸೆಪ್ಟೆಂಬರ್ ೧೬, ಭಾನುವಾರ

ಬಿಡುಗಡೆಯಾದ ಸೈನಿಕರಿಗೆ ಎಷ್ಟು ಉದ್ದ ಬೇಕಾದರೂ ಬರೆಯಬಹುದಂತೆ. ಪತ್ರಿಕೆಯಲ್ಲಿ ದಿನಾ ಹೆಸರುಗಳ ಪಟ್ಟಿ. ಸಿಂಗಪುರದವರದು ಬಂತು, ಬೋರ್ನಿಯೋದವರದು ಬಂತು. ರಬೌಲ್‌ನವರದು ಇನ್ನೂ ಇಲ್ಲ. ಅಲ್ಲಿಂದ ಕೈದಿಗಳನ್ನು ಜಪಾನಿಗೇ ಸಾಗಿಸಿದ್ದರಂತೆ, ಅಲ್ಲಿ ಹುಡುಕುತ್ತಿದ್ದಾರಂತೆ. ದೂರ, ತಡವಾಗುತ್ತೆ.

“ನಾನೇ ಬರೀಲಾ?” ಅಂದಳು ಉನಾ.

“ಬೇಡ. ಸುಳ್ಳು ಹೋಗಿದ್ದು ನನ್ನ ಅಕ್ಷರದಲ್ಲಿ. ನಿಜಾನೂ ಅದೇ ಅಕ್ಷರದಲ್ಲಿ ಹೋಗಬೇಕು. ಇಲ್ಲಾಂದ್ರೆ ನಂಬಲ್ಲ ಅವನು.”

ಇಡೀ ಮಧ್ಯಾಹ್ನ ಕೂತೆ. ಇಪ್ಪತ್ತೈದು ಪದ ಸಾಲದು ಅಂತ ಇಷ್ಟು ವರ್ಷ ಬೈದಿದ್ದೆ. ಈಗ ಮುಂದೆ ಬಿಳಿ ಹಾಳೆ ಎಷ್ಟು ಬೇಕಾದರೂ ಇದೆ, ಐದು ಪದ ದಾಟಿ ಮುಂದೆ ಹೋಗಲಾರೆ. ಉನಾ ಈ ಸಲ ಹಸುವಿನ ಹತ್ತಿರ ಹೋಗಲಿಲ್ಲ. ಎದುರಿಗೆ ಕೂತು ಬಟಾಣಿ ಸುಲಿದಳು. ಐವಿಗೆ ಎಷ್ಟು ದಿನ ಜ್ವರ ಇತ್ತು ಅಂತ ಕೇಳಿದೆ. “ನಾಲ್ಕು,” ಅಂದಳು. ಕೊನೆಗೆ ಯಾರ ಕೈಯಲ್ಲಿ ಅಂತ ಕೇಳಿದೆ.

“ನಿಮ್ಮ ಕೈಯಲ್ಲಿ ಅತ್ತೆ. ನಾನು ಬಿಸಿನೀರು ತರೋಕೆ ಹೋಗಿದ್ದೆ.” ಬಟಾಣಿ ಸುಲಿಯುವುದನ್ನು ನಿಲ್ಲಿಸಿದಳು. “ನಿಮಗೆ ನೆನಪಿಲ್ವಾ?”

ನನಗೆ ನೆನಪಿರಲಿಲ್ಲ. ದೇವರಾಣೆ, ಇಲ್ಲಿಯವರೆಗೆ ನೆನಪಿರಲಿಲ್ಲ.

ಎರಡು ಹಾಳೆ ಬರೆದೆ. ನಾನೇ ನಡೆದು ಹೋಗಿ ಅಂಚೆಗೆ ಹಾಕಿ ಬಂದೆ.


ಅಕ್ಟೋಬರ್ ೮, ಸೋಮವಾರ

ಮಿಸ್ ಗಾರಿ ತಾನೇ ಬಂದಳು. ಟೋಪಿ ಹಾಕಿರಲಿಲ್ಲ. ಗೇಟಿನಲ್ಲೇ ನಿಂತಳು.

ಕ್ಲೆಮ್ ಇಲ್ಲ.


ಅಕ್ಟೋಬರ್ ೧೩, ಶನಿವಾರ

ಬರೆಯದಿದ್ದರೆ ತಲೆ ಒಡೆದುಹೋಗುತ್ತೆ.

ತಂತಿಯಲ್ಲಿ ಇದ್ದಿದ್ದು ಇಷ್ಟು: ರಬೌಲ್‌ನಿಂದ ಕೈದಿಗಳನ್ನು ಹೇರಿಕೊಂಡು ಹೊರಟ ಹಡಗು ಸಮುದ್ರದಲ್ಲಿ ಮುಳುಗಿತು. ನಿಮ್ಮ ಮಗ ಅದರಲ್ಲಿ ಇದ್ದನೆಂದು ತಿಳಿದುಬಂದಿದೆ. ೧೯೪೨, ಜುಲೈ ೧.

ನಲವತ್ತೈದು ಅಲ್ಲ. ನಲವತ್ತೆರಡು. ನಾನು ಮಿಸ್ ಗಾರಿಗೆ ಬೈದೆ. ಅಂಕಿ ತಪ್ಪು ಬರೆದಿದ್ದೀಯ, ಕಣ್ಣು ಕಾಣಲ್ವೇನೇ, ಹೋಗಿ ಮತ್ತೆ ಕೇಳು ಅಂದೆ. ಪಾಪ, ಆ ಹೆಂಗಸು ನಿಂತು ಬೈಸಿಕೊಂಡಳು. “ಮೂರು ಸಲ ಕೇಳಿ ಬರ್ಕೊಂಡೆ ಮಿಸೆಸ್ ಪೆನ್‌ರೋಸ್,” ಅಂದಳು. “ನಾಲ್ಕನೇ ಸಲಾನೂ ಕೇಳಿದೆ.”

ಹಾಗಾದರೆ ನಾನು ಯಾರಿಗೆ ಬರೆದೆ? ಐವಿಗೆ ಕಾಲು ಬಂತು, ಮಾತು ಬಂತು, ನೆಗಡಿ ಬಂತು ಅಂತ ಮೂರು ವರ್ಷ ಯಾರಿಗೆ ಹೇಳಿದೆ? ಅವನು ಮೀನಿನ ಪಾಲಾಗಿ ಎರಡು ತಿಂಗಳು ಕಳೆದ ಮೇಲೆ ಕೂಸು ಸತ್ತಿದ್ದು. ಅವನಿಂದ ಮುಚ್ಚಿಡಲು ಏನೂ ಇರಲೇ ಇಲ್ಲ. ಅವನು ಹೋಗುವಾಗ ಅವನ ಮಗಳು ಬದುಕಿದ್ದಳು. ಅವನಿಗೆ ನೋವಾಗಬಾರದು ಅಂತ ನಾನು ಉನಾಳ ಬಾಯಿ ಕಟ್ಟಿದೆ, ಅಳಲು ಬಿಡಲಿಲ್ಲ, ಗೋರಿಗೆ ಕಲ್ಲು ನೆಡಲು ಬಿಡಲಿಲ್ಲ, ಅಪ್ಪ ಬಂದು ನೆಡಲಿ ಅಂದೆ. ಈಗಲೂ ಅಲ್ಲಿ ಒಂದು ಮರದ ಗೂಟ ಇದೆಯಂತೆ. ಅಂತೆ ಯಾಕೆ ಅಂದರೆ ನಾನು ಹೋಗಿ ನೋಡಿಲ್ಲ. ಮಣ್ಣು ಮಾಡಿದ ಮೇಲೆ ಒಂದು ಸಲವೂ ಹೋಗಿಲ್ಲ.

ಉನಾ ಒಂದೇ ಮಾತು ಅಂದಳು, ತಂತಿ ಬಂದ ದಿನ. “ಅವನಿಗೆ ನೋವಾಗಬಾರದು ಅಂತ ತಾನೇ ಅತ್ತೆ? ಆಗಲಿಲ್ಲ ಬಿಡಿ.” ಚುಚ್ಚಲು ಹೇಳಿದಳೋ, ಸಮಾಧಾನಕ್ಕೆ ಹೇಳಿದಳೋ ಗೊತ್ತಿಲ್ಲ.

ನಿನ್ನೆ ನಲವತ್ತೆರಡರ ದಿನಚರಿ ತೆಗೆದೆ. ಜುಲೈ ೧, ಬುಧವಾರ. ನನ್ನದೇ ಅಕ್ಷರ:

“ಕಟ್ಟಿಗೆಯವನು ಹಸಿ ಸೌದೆ ಕೊಟ್ಟು ಹೋದ, ಕಳ್ಳ. ಐವಿ ಕ್ಲೆಮ್‌ನ ಫೋಟೋ ನೋಡಿ ‘ಡಾ’ ಅಂದಳು. ಅಪ್ಪನನ್ನು ಕರೆದಳು ಅಂತ ಸೊಸೆ ಮನೆ ತುಂಬ ಕುಣಿದಳು. ಆರು ತಿಂಗಳ ಕೂಸು ಏನು ಕರೆಯುತ್ತೆ? ಬರೀ ಜೊಲ್ಲು.”

ಅದೇ ದಿನ. ಅಲ್ಲಿ ಅವನು ಮುಳುಗುತ್ತಿದ್ದ, ಇಲ್ಲಿ ಅವಳು ಕರೆದಳು. ನಾನು ಜೊಲ್ಲು ಅಂದೆ.

ಪುಸ್ತಕವನ್ನು ಉನಾ ಮುಂದೆ ಇಟ್ಟೆ. ಬೇಡ, ಇದನ್ನು ಸುಟ್ಟುಬಿಡೋಣ ಅಂತ ಮೊದಲು ಅನಿಸಿತ್ತು. ಆದರೆ ಮುಚ್ಚಿಟ್ಟಿದ್ದು ಸಾಕಾಗಿದೆ ನನಗೆ. ಓದಿದಳು. ಮತ್ತೆ ಓದಿದಳು. ಆ ಸಾಲಿನ ಮೇಲೆ ಬೆರಳಿಟ್ಟಳು. ನಾನು ಅಳುತ್ತಿದ್ದೆ ಅಂತ ಅವಳು ಕರವಸ್ತ್ರ ಕೊಟ್ಟಾಗಲೇ ಗೊತ್ತಾಗಿದ್ದು.

“ಯಾರಿಗಾಗಿ ಅಳ್ತಾ ಇದ್ದೀರಿ ಅತ್ತೆ?” ಅಂತ ಕೇಳಿದಳು.

“ಐವಿಗಾಗಿ,” ಅಂದೆ.


ನವೆಂಬರ್ ೪, ಭಾನುವಾರ

ಗೋರಿಯ ಹತ್ತಿರ ಹೋಗಿ ಬಂದೆವು. ಗೂಟ ವಾಲಿದೆ. ಉನಾ ಪ್ರತಿ ಭಾನುವಾರ ಬಂದು ನೆಟ್ಟಗೆ ಮಾಡುತ್ತಿದ್ದಳಂತೆ. ಭಾನುವಾರ ಎಲ್ಲಿಗೆ ಹೋಗ್ತೀಯೇ ಅಂತ ನಾನು ಎಷ್ಟು ಸಲ ಹಂಗಿಸಿಲ್ಲ.

ಹಳದಿ ಸ್ವೆಟರನ್ನು ಬೆರಿಲ್‌ಗೆ ಕೊಟ್ಟೆ. ಅವಳಿಗೆ ತೋಳು ಸ್ವಲ್ಪ ಉದ್ದ. ಮಡಿಚಿ ಹಾಕಿಕೊಂಡು ಕೋಳಿ ಅಟ್ಟುತ್ತಿದ್ದಾಳೆ.


ನವೆಂಬರ್ ೧೮, ಭಾನುವಾರ

ಶುಕ್ರವಾರ ಒಂದು ಕಟ್ಟು ಬಂತು. ನಾವು ಬರೆದ ಕಾಗದ, ಕಾರ್ಡು, ಎಲ್ಲ. ಸುತ್ತ ಸೆಣಬಿನ ದಾರ, ಪ್ರತಿಯೊಂದರ ಮೇಲೂ ತಲುಪಲಿಲ್ಲ ಅಂತ ನೇರಳೆ ಮುದ್ರೆ. ಸೆಪ್ಟೆಂಬರಿನ ಎರಡು ಹಾಳೆಯ ಕಾಗದವೂ ಇತ್ತು, ಒಡೆಯದೆ.

ಒಲೆಗೆ ಹಾಕುತ್ತೇನೆ ಅಂತ ಎದ್ದೆ. ಉನಾ ಕೈ ಹಿಡಿದಳು.

“ಓದಿ ಅತ್ತೆ.”

“ಏನನ್ನ?”

“ನಿಮ್ಮ ಪಾಲಿನ ಪದಗಳನ್ನ. ನಾನು ಯಾವತ್ತೂ ಒಳಗೆ ಇರಲಿಲ್ಲವಲ್ಲ, ಒಂದನ್ನೂ ಪೂರ್ತಿ ಓದಿಲ್ಲ. ಮೊದಲಿನಿಂದ ಓದಿ.”

“ಸುಳ್ಳು ಕಣೇ ಅದೆಲ್ಲ.”

“ಗೊತ್ತು. ಓದಿ.”

ಓದಿದೆ. ಐವಿ ಅಂಬೆಗಾಲಿಟ್ಟಳು. ಐವಿ ನಿಂತಳು. ಬೆಕ್ಕಿನ ಬಾಲ ಹಿಡಿದು ಪರಚಿಸಿಕೊಂಡಳು. ನನ್ನ ಕನ್ನಡಕ ಮುರಿದಳು. ಹುಟ್ಟುಹಬ್ಬಕ್ಕೆ ಕೇಕಿಗೆ ಮೊಟ್ಟೆ ಸಿಗಲಿಲ್ಲ, ಆದರೂ ಉಬ್ಬಿತು. ಮಳೆಯಲ್ಲಿ ಬರಿಗಾಲಲ್ಲಿ ಓಡಿದಳು, ಬೈದೆ. ಉನಾ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಬೆಕ್ಕಿನ ಕಾರ್ಡನ್ನು ಎರಡು ಸಲ ಓದಿಸಿದಳು. ನಡುವೆ ಒಂದು ಕಡೆ ನಕ್ಕೂಬಿಟ್ಟಳು. “ಕನ್ನಡಕ ಮುರಿದಿದ್ದು ನೀವು, ಅದರ ಮೇಲೆ ಕೂತು. ಪಾಪ ಅವಳ ತಲೆಗೆ ಕಟ್ಟಿದ್ರಿ!”

ಎಲ್ಲ ಮುಗಿದಾಗ ಕೇಳಿದಳು, “ಖಾಲಿ ಕಾರ್ಡು ಉಳಿದಿದೆಯಾ?”

ಮೇಜಿನ ಖಾನೆಯಲ್ಲಿ ಒಂದು ಇತ್ತು.

“ಬರೀರಿ. ಈ ತಿಂಗಳಿಂದು ಬರೆದಿಲ್ಲವಲ್ಲ ನಾವು. ಹದಿಮೂರು ನೀವೇ ತಗೊಳ್ಳಿ.”

“ಹನ್ನೆರಡು ಸಾಕು ನನಗೆ,” ಅಂದೆ. “ಹೆಚ್ಚಿಂದು ನಿನಗೆ.”

“ನನಗೂ ಹನ್ನೆರಡೇ ಸಾಕು ಅತ್ತೆ. ಅಷ್ಟರಲ್ಲೇ ರೂಢಿಯಾಗಿದೆ.”

ಇಬ್ಬರೂ ಬೇಡ ಅಂದರೆ ಒಂದು ಪದ ಉಳಿಯುತ್ತೆ. ಅದಕ್ಕಾಗಿ ಇಷ್ಟು ವರ್ಷ ಕಿತ್ತಾಡಿದ್ದೇವೆ. ಅದು ಯಾರದು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ನನ್ನ ಹನ್ನೆರಡನ್ನು ಬರೆದು ಅವಳ ಕಡೆ ತಿರುಗಿಸಿದೆ. ಓದಿದಳು. ಕೊನೆಯ ನಾಲ್ಕು ಪದವನ್ನು ಮತ್ತೊಮ್ಮೆ ಓದಿದಳು. “ನಿಜವಾಗ್ಲೂ?” ಅಂತ ಕೇಳಿದಳು. ನಿಜವಾಗಲೂ ಕಣೇ ಅಂದೆ, ಹುಟ್ಟಿದ ದಿನವೇ ಗೊತ್ತಿತ್ತು ನನಗೆ. ಆಮೇಲೆ ಅವಳು ತನ್ನದನ್ನು ಹೇಳಿದಳು, ನಾನು ಅಚ್ಚಿನ ಅಕ್ಷರದಲ್ಲಿ ಇಳಿಸಿದೆ. ಕೊನೆಯ ಪದ ಐವಿಯದು, ಅದನ್ನು ಇಬ್ಬರೂ ಒಟ್ಟಿಗೆ ಪೆನ್ನು ಹಿಡಿದು ಬರೆದೆವು, ಅದಕ್ಕೇ ಸ್ವಲ್ಪ ಸೊಟ್ಟಗಾಗಿದೆ. ಇಲ್ಲೂ ಇಳಿಸಿಡುತ್ತೇನೆ:

“ಕ್ಲೆಮ್, ಐವಿ ಸತ್ತು ಮೂರು ವರ್ಷವಾಯಿತು. ನಾನು ಸುಳ್ಳು ಬರೆದೆ. ಅವಳು ಥೇಟ್ ಉನಾ ಹಾಗಿದ್ದಳು.

ಮಗಳನ್ನು ಎತ್ತಿಕೋ. ಎರಡು ಹಲ್ಲಿವೆ, ಕಚ್ಚುತ್ತಾಳೆ, ಜೋಪಾನ. ಅಮ್ಮ ಇಲ್ಲಿ ನನ್ನ ಜೊತೆ ಇದ್ದಾರೆ. ಕಾಯಬೇಡ.

ಡಾ”